ಕಾಗದಕ್ಕೆ ಕೊಡದ ಹೆಸರು

"ಬುಟ್ಟಿ ಹೆಸರನ್ನ ಮಾತ್ರ ಆ ಕಾಗದದ ಮೇಲೆ ಇಳಿಸ್ಬೇಡ ಕಣೆ," ಎಂದಳು ಹೆಸ್ಟರತ್ತೆ. "ಶಾಯಿಗೆ ನಮ್ಮೋರ ರಕ್ತ ಬೆರೆಸಿ ಮಾಟ ಮಾಡ್ಸಿದ್ದ ಧಣಿ. ಆ ಶಾಯಿ ಇಳಿದ ಕಾಗದದ ಮೇಲೆ ಯಾರು ಬರೆದ್ರೂ ಆ ಹೆಸ್ರು ಅವನ್ದೇ. ಕರೆದ್ರೆ ಕಾಲು ತಾನಾಗೇ ಹೋಗ್ತದೆ."

"ಧಣಿ ಸತ್ತು ನೂರೈವತ್ತು ವರ್ಷ ಆಯ್ತಲ್ಲತ್ತೆ. ಗಂಟಲೂ ಮಣ್ಣಾಗಿರತ್ತೆ," ಎಂದು ಕೊರಿನ್ ನಕ್ಕಳು.

ಡೆಟ್ರಾಯಿಟ್‌ನಲ್ಲಿ ಓದಿ ಬಂದವಳಿಗೆ ಬುದ್ಧಿ ಹೇಳುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಧಣಿಯ ಆಷ್ಕೋಂಬ್ ಮನೆತನದ ಹಳೆಯ ಕಾಗದಗಳನ್ನು ಜೋಡಿಸಿಡುವುದು ಅವಳ ಕೆಲಸ. ಅವುಗಳಲ್ಲಿ ಒಂದು ಗುಲಾಮರ ಪಟ್ಟಿ; ತುಂಬ ಸೀಸರ್, ಪಾಂಪಿ ಎಂದು ಧಣಿ ಗೇಲಿಗಿಟ್ಟ ಹೆಸರುಗಳು. ಆ ಹೆಸರು ಕೂಗಿದರೆ ಓಡಿಹೋದವರು ತಿರುಗಿಯೂ ನೋಡುತ್ತಿರಲಿಲ್ಲವಂತೆ. ನಿಜವಾದ ಹೆಸರನ್ನು ಮಗು ಬುಟ್ಟಿಯಲ್ಲಿ ಮಲಗಿದ್ದಾಗಲೇ ಹೆತ್ತವರು ಇಡುತ್ತಿದ್ದರು. ಆ ಬುಟ್ಟಿ ಹೆಸರು ಮನೆ ದಾಟುತ್ತಿರಲಿಲ್ಲ; ಕೊರಿನ್‌ಳ ಮನೆಯಲ್ಲಿ ಆ ರೂಢಿ ಇನ್ನೂ ಉಳಿದಿತ್ತು.

ಸತ್ತವರಿಗೆ ಪಟ್ಟಿಯಲ್ಲಿ ಅವರ ನಿಜವಾದ ಹೆಸರಾದರೂ ಸಿಗಲಿ ಎಂಬುದು ಕೊರಿನ್‌ಳ ಆಸೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅತ್ತೆಯನ್ನು ಕೆಣಕಲೆಂದು ಆ ಮಧ್ಯಾಹ್ನ ಪಟ್ಟಿಯ ಕೊನೆಗೆ ತನ್ನದೇ ಬುಟ್ಟಿ ಹೆಸರು ಬರೆದಳು. ಕೂಟಾ. ಅಂದರೆ ಆಮೆ.

ಶಾಯಿ ಒಣಗಲಿಲ್ಲ. ಕೊಳೆತ ಭತ್ತದ ಹುಳಿ ವಾಸನೆ ಕೋಣೆಯಲ್ಲಿ ತುಂಬಿತು. ಹೊರಗಿನ ಕಪ್ಪೆಗಳೆಲ್ಲ ಒಮ್ಮೆಲೇ ಸುಮ್ಮನಾದವು. ಕಿಟಕಿಯ ಬೆಳಕು ಮಂಕಾಯಿತು.

"ಕೂಟಾ."

ಗಂಡಸಿನ ದನಿ. ಅವಸರವೇ ಇಲ್ಲದ ದನಿ.

ಕೊರಿನ್‌ಳ ಪಾದ ಜೋಮು ಹಿಡಿಯಿತು. ಆಮೇಲೆ ಮೊಣಕಾಲು. ಕಾಲುಗಳು ಎದ್ದವು. ಮೆಟ್ಟಿಲಿಳಿದವು. ಬದು ದಾಟಿದವು. ಹಳೆಯ ಗದ್ದೆಯ ಕಪ್ಪು ನೀರು ಎದುರಿಗಿತ್ತು. ಹೆದರಬೇಕು ಅನ್ನಿಸಿತು. ಹೆದರಿಕೆ ಬರಲಿಲ್ಲ. ಕೆಸರು ಹಿಮ್ಮಡಿ ಮುಚ್ಚಿತು.

"ಬರೆದ್ಯಾ? ಬರೆದೇ ಬಿಟ್ಯಾ, ಮುಂಡೇದೇ!" ಹೆಸ್ಟರತ್ತೆ ಏದುಸಿರು ಬಿಡುತ್ತ ಓಡಿ ಬಂದಳು. ಕೊರಿನ್‌ಳನ್ನು ಹಿಂದಕ್ಕೆ ದಬ್ಬಿ ತಾನು ನೀರಿಗಿಳಿದಳು. "ಧಣಿ! ಕೂಟಾ ನಾನು! ನನ್ನ ಹೆಸ್ರನ್ನೇ ಇವಳಿಗಿಟ್ಟಿದ್ದು. ಮೊದ್ಲಿನೋಳು ನಾನು. ಬಂದೆ!"

ಕೊರಿನ್‌ಳ ಕಾಲು ಹಗುರಾಯಿತು. ಅತ್ತೆ ಸೊಂಟದವರೆಗೆ ಮುಳುಗಿದ್ದಳು.

"ಹೆಸ್ಟರತ್ತೆ!"

ಅದು ಸರ್ಕಾರಿ ಕಾಗದದ ಹೆಸರು. ಅತ್ತೆ ತಿರುಗಲಿಲ್ಲ. ನೀರು ಎದೆಗೆ ಬಂತು.

ಇನ್ನೊಂದು ಹೆಸರು ಹಿಡಿದು ಕರೆದರೆ ತಿರುಗುತ್ತಾಳೆ. ಕೊರಿನ್‌ಗೆ ಅದು ಗೊತ್ತಿತ್ತು. ಕರೆಯಲು ಬಾಯಿ ತೆರೆದಳು. 'ಕೂ' ಅನ್ನುವಷ್ಟರಲ್ಲಿ ಅವಳ ಬಲಗಾಲು ನೀರಿನ ಕಡೆಗೆ ಒಂದು ಹೆಜ್ಜೆ ಇಟ್ಟಿತು.

ಅವಳು ಬಾಯಿ ಮುಚ್ಚಿಕೊಂಡಳು.