ಪಟಿಕದಲ್ಲಿ ಅದ್ದಿದ ಲಂಗ

"ನನ್ನ ಲಂಗ ಹಾಳು ಮಾಡಿದ್ದು ನೀವೇನಾ?"

ವೇದಿಕೆಯ ಮರೆಯಲ್ಲಿ, ಗ್ಯಾಸ್ ಕೊಳಾಯಿಗಳ ನಡುವೆ ಕೂತಿದ್ದ ಏಮಸ್ ಥರ್ಕೆಲ್ ತಲೆಯೆತ್ತಿದ. ಎದುರಿಗೆ ಬ್ಯಾಲೆ ಕುಣಿಯುವ ಲವಿನಿಯಾ! ಕೈಯಲ್ಲಿ ಹಳದಿ ತಿರುಗಿದ ಮಸ್ಲಿನ್ ಲಂಗ, ಕಣ್ಣಲ್ಲಿ ಕೆಂಡ.

ಏಮಸ್ ಆ ಥಿಯೇಟರಿನ ದೀಪದವನು, ಕೊಳಾಯಿ ತಿರುಗಿಸಿ ಗ್ಯಾಸ್ ದೀಪಗಳನ್ನು ಹಿಗ್ಗಿಸಿ ಕುಗ್ಗಿಸುವವನು. ಲಂಡನ್ನಿಗೆ ಬಂದು ತಿಂಗಳಾಗಿತ್ತು. ಅಷ್ಟು ದಿನವೂ ಅವಳ ಕುಣಿತವನ್ನು ಮರೆಯಿಂದ ನೋಡಿದ್ದನೇ ಹೊರತು ಒಂದು ಮಾತೂ ಆಡಿರಲಿಲ್ಲ. ಮೊದಲ ಮಾತೇ ಹೀಗೆ!

"ಹಾಳು ಮಾಡಿಲ್ಲ ಮಿಸ್... ಪಟಿಕದ ನೀರಲ್ಲಿ ಅದ್ದಿಸಿದೆ ಅಷ್ಟೇ. ಇನ್ನು ಇದಕ್ಕೆ ಸುಲಭಕ್ಕೆ ಬೆಂಕಿ ಹಿಡಿಯಲ್ಲ."

"ಯಾರನ್ನ ಕೇಳಿ ಅದ್ದಿಸಿದ್ರಿ? ನೋಡಿ, ಒಣಮೀನಿನ ಥರ ಆಗಿದೆ!"

ಉಡುಪಿನ ಕೋಣೆಯ ಮುದುಕಿ ಮಿಸೆಸ್ ಪ್ರೌಟ್ ಏದುಸಿರು ಬಿಡುತ್ತಾ ಬಂದಳು. "ನನ್ನ ಬೈಬೇಡ ಕಣೇ ಲವಿ. ಇವನೇ ಪಟಿಕ ತಂದು ದುಂಬಾಲು ಬಿದ್ದ. ನೀನು ಒಪ್ಪಿದೀಯ ಅಂದ್ಕೊಂಡೆ ನಾನು."

ಲವಿನಿಯಾ ಒಪ್ಪುವುದುಂಟೆ? ಯಾವ ಬ್ಯಾಲೆ ಹುಡುಗಿ ಒಪ್ಪುತ್ತಿದ್ದಳು ಹೇಳಿ! ಪಟಿಕ ಕುಡಿದ ಬಟ್ಟೆ ಬಿಳುಪು ಕಳೆದುಕೊಂಡು ಬಿರುಸಾಗುತ್ತದೆ. ನೋಡುವವರಿಗೆ ಬೇಕಾದದ್ದು ತೇಲುವ ಮೋಡ. ವೇದಿಕೆಯ ಅಂಚಿನುದ್ದಕ್ಕೂ ಗ್ಯಾಸಿನ ಜ್ವಾಲೆಗಳು ಉರಿಯುತ್ತಿದ್ದರೂ, ಹುಡುಗಿಯರು ಹತ್ತಿಯಂಥ ಲಂಗ ತೊಟ್ಟು ಅವುಗಳ ಪಕ್ಕದಲ್ಲೇ ತಿರುಗುತ್ತಿದ್ದರು. ಆ ಭಯದ ಬಗ್ಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಅಂದು ಅವಳು ಮೊದಲ ಬಾರಿ ಒಬ್ಬಳೇ ಕುಣಿಯಬೇಕಿತ್ತು. ಇಷ್ಟು ವರ್ಷ ಹಿಂದಿನ ಸಾಲಿನಲ್ಲಿ ಕಾದ ಮೇಲೆ ಸಿಕ್ಕ ಅವಕಾಶ. ತಪ್ಪಿದರೆ ಮತ್ತೆ ಅದೇ ಸಾಲು, ಬಹುಶಃ ಕೊನೆಯವರೆಗೂ.

ಅವಳು ಪಟಿಕ ಸೋಕದ ಹಳೆಯ ಬಿಳಿ ಲಂಗವನ್ನೇ ತೊಟ್ಟು ವೇದಿಕೆಗೆ ಹೋದಳು.

ಆದರೆ ಅವಳು ಮುಂದಕ್ಕೆ ಬಂದಾಗಲೆಲ್ಲ ಅಂಚಿನ ದೀಪಗಳು ಕುಗ್ಗಿದವು! ಪಾದಗಳೇ ಕಾಣಲಿಲ್ಲ. ಜನ ಗುಸುಗುಸು ಅಂದರು. ಚಪ್ಪಾಳೆ ಕಾಟಾಚಾರಕ್ಕೆ ಬಿತ್ತು.

ಪರದೆ ಇಳಿದದ್ದೇ ತಡ, ಅವಳು ಅಳುತ್ತಾ ಅವನೆದುರು ನಿಂತಳು.

"ಬೈದಿದ್ದಕ್ಕೆ ಸೇಡು ತೀರಿಸ್ಕೊಂಡ್ರಾ?"

"ಸೇಡಾ?" ಏಮಸ್ ತಟ್ಟನೆ ಎದ್ದು ನಿಂತ. "ನೀವು ಬಗ್ಗಿದಾಗ ಲಂಗದ ಅಂಚಿಗೂ ಬೆಂಕಿಗೂ ಒಂದು ಗೇಣೂ ಅಂತರ ಇರಲಿಲ್ಲ. ಕೈ ತಾನಾಗೇ ಕೊಳಾಯಿ ತಿರುಗಿಸಿಬಿಡ್ತು."

ಅಷ್ಟರಲ್ಲಿ ಮ್ಯಾನೇಜರ್ ಬಂದು ಇಬ್ಬರಿಗೂ ಸೇರಿಸಿ ಹೇಳಿದ. "ಏಮಸ್, ನಾಳೆ ದೀಪ ಕುಗ್ಗಿದ್ರೆ ನೀನು ಮನೆಗೆ. ಲವಿನಿಯಾ, ನಾಳೆನೂ ಜನ ಮೆಚ್ಚದೆ ಇದ್ರೆ ನೀನು ಹಿಂದಿನ ಸಾಲಿಗೆ."

ಮರುದಿನ ಬೆಳಿಗ್ಗೆ ಲವಿನಿಯಾ ಉಡುಪಿನ ಕೋಣೆಯಲ್ಲಿ ಆ ಒಣಮೀನನ್ನು ತೊಟ್ಟು ನಿಂತಳು. ಮೀನಖಂಡದವರೆಗೆ ಹಲಗೆಯಂತೆ ಇಳಿಬಿದ್ದಿತ್ತು. ಬೇಸರದಿಂದ ಕೆಳಗಿನ ಭಾಗವನ್ನು ಮುದುರಿ ಮೇಲಕ್ಕೆ ಹಿಡಿದಳು.

ಅರೆ! ಭಾರ ಇಳಿದ ಕೂಡಲೇ ಉಳಿದ ಬಟ್ಟೆ ಸೊಂಟದ ಸುತ್ತ ತಾನಾಗಿ ಅಗಲಕ್ಕೆ ಅರಳಿ ನಿಂತಿತ್ತು.

"ಮಿಸೆಸ್ ಪ್ರೌಟ್, ಕತ್ತರಿ ಕೊಡಿ. ಮೊಣಕಾಲವರೆಗೆ ಇದ್ರೆ ಸಾಕು."

"ಮೊಣಕಾಲಾ! ಅಯ್ಯೋ ದೇವರೇ... ಪಾದ್ರಿಗಳು ನೋಡಿದ್ರೆ?"

"ಪಾದ್ರಿಗಳು ಇಲ್ಲಿಗ್ಯಾಕೆ ಬರ್ತಾರೆ?"

"ಬರ್ತಾರಮ್ಮ. ದೊಡ್ಡೋರ ಬಾಕ್ಸ್ ಸೀಟಿನ ಪರದೆ ಹಿಂದೆ ಅಡಗಿ ಕೂರ್ತಾರೆ."

ಬೈಯುತ್ತಲೇ ಮುದುಕಿ ಕತ್ತರಿಸಿದಳು. ಚೆನ್ನಾಗಿಯೇ ಕತ್ತರಿಸಿದಳು.

ಸಂಜೆ ಲವಿನಿಯಾ ಗ್ಯಾಸ್ ಕೊಳಾಯಿಗಳ ಬಳಿ ಬಂದಳು. ಏಮಸ್ ಲಂಗ ನೋಡಿದ. ಮೊಣಕಾಲು ನೋಡಿದ. ಕೆಂಪಾಗಿ ಗೋಡೆ ನೋಡತೊಡಗಿದ.

"ಇವತ್ತು ಪೂರ್ತಿ ಬೆಳಕು ಬೇಕು. ಗ್ಯಾಸಿನ ಬೆಳಕಲ್ಲಿ ಈ ಹಳದಿ ಯಾರಿಗೂ ಕಾಣಲ್ಲ."

"ಕೊಡ್ತೀನಿ ಮಿಸ್."

ಅವಳು ಹೊರಡಲಿಲ್ಲ. 'ಕೇಳಿಬಿಡಲೇ?'

"ಹುಡುಗಿಯರೆಲ್ಲರಿಗೋಸ್ಕರನೂ ಹೀಗೇ ಹೆದರ್ತೀರಾ?"

"ಎಲ್ಲರಿಗೋಸ್ಕರನೂ ಹೆದರ್ತೀನಿ..." ಅವನ ದನಿ ಇಳಿಯಿತು. "ನಿದ್ದೆಗೆಟ್ಟಿದ್ದು ಮಾತ್ರ ನಿಮ್ಮೊಬ್ಬರಿಗೋಸ್ಕರ."

ವಾದ್ಯಗಳು ಶುರುವಾದವು. ಅವಳು ಓಡಿದಳು.

ಏಮಸ್ ಕೊಳಾಯಿ ಪೂರ್ತಿ ತಿರುಗಿಸಿ, ಮತ್ತೆ ಮುಟ್ಟದಂತೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಲವಿನಿಯಾ ಅಂಚಿನವರೆಗೂ ಬಂದಳು, ಬಗ್ಗಿದಳು, ತಿರುಗಿದಳು. ಇಷ್ಟು ದಿನ ಬಟ್ಟೆಯೊಳಗೆ ಅಡಗಿದ್ದ ಕಾಲುಗಳ ಕೆಲಸ ಜನರಿಗೆ ಮೊದಲ ಸಲ ಕಂಡಿತು. ಇಡೀ ಥಿಯೇಟರ್ ಎದ್ದು ನಿಂತಿತು!

ಮ್ಯಾನೇಜರ್ ಕೈ ಕುಲುಕಿದ. ಹಿಂದಿನ ಸಾಲಿನ ಹುಡುಗಿಯರು ಆಗಲೇ ಮಿಸೆಸ್ ಪ್ರೌಟ್‌ಳ ಬೆನ್ನು ಬಿದ್ದಿದ್ದರು. ತಮ್ಮ ಲಂಗಗಳಿಗೂ ಪಟಿಕ ಬೇಕಂತೆ!

ಹಿಂಬಾಗಿಲ ಹೊರಗೆ ಮಂಜು. ಇಬ್ಬರೂ ಬೀದಿಯಂಚಿನಲ್ಲಿ ಸುಟ್ಟ ಆಲೂಗಡ್ಡೆ ಕೊಂಡು ಮೆಟ್ಟಿಲ ಮೇಲೆ ಕೂತರು. ಇಂಥ ನೆಮ್ಮದಿ ಅವಳಿಗೆ ಯಾವ ಚಪ್ಪಾಳೆಯಲ್ಲೂ ಸಿಕ್ಕಿರಲಿಲ್ಲ.

"ಏಮಸ್, ಮುದುಕಿಯಾಗಿ ನಾನು ಕುಣಿಯೋದು ಬಿಟ್ಟ ಮೇಲೆ ನಿಮ್ಮ ಭಯ ಹೋಗತ್ತಾ?"

ಅವನು ನಿಜವಾಗಿಯೂ ಯೋಚಿಸಿದ. "ಎಲ್ಲಿ ಹೋಗತ್ತೆ? ಆಗ ನೀವು ಚಳಿ ಅಂತ ಅಗ್ಗಿಷ್ಟಿಕೆ ಹತ್ತಿರ ಕೂರ್ತೀರಲ್ಲ..."

ಲವಿನಿಯಾ ನಕ್ಕಳು. ನಗುತ್ತಲೇ ಕಣ್ಣು ತುಂಬಿ ಬಂತು. ಅವನ ಭುಜಕ್ಕೆ ತಲೆಯಿಟ್ಟಳು.

"ಹಾಗಾದ್ರೆ ನೀನೂ ಪಕ್ಕದಲ್ಲೇ ಕೂತಿರು."