ಕಂಪ್ಯೂಟರ್ ಗುರುತಿಸದ ಮದುವೆ

2007ರ ಅಕ್ಟೋಬರ್ 29, ಸೋಮವಾರ. ಬೆಳಿಗ್ಗೆ 10.40ಕ್ಕೆ ಹುಣಸೂರಿನ ಠಾಣೆಗೆ ಬಂದ ಸುನಂದಮ್ಮ ಎಂಬ ಹೆಂಗಸು, ತಮ್ಮ ಗಂಡನ ದನಿ ಕಳೆದುಹೋಗಿದೆ, ಹುಡುಕಿಕೊಡಬೇಕು ಎಂದರು.

ದೂರು ಬರೆದುಕೊಳ್ಳಲು ಕೂತಿದ್ದ ಹೆಡ್ ಕಾನ್‌ಸ್ಟೆಬಲ್ ಮಂಟಯ್ಯ ಪೆನ್ನು ಕೆಳಗಿಟ್ಟು ಸಬ್ ಇನ್ಸ್‌ಪೆಕ್ಟರ್ ಶಿವನಂಜಪ್ಪನವರ ಮುಖ ನೋಡಿದ. ಅವರ ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು. ದಸರಾ ಬಂದೋಬಸ್ತಿಗೆಂದು ಮೈಸೂರಿನಲ್ಲಿ ಹತ್ತು ದಿನ ನಿಂತು ಬಂದ ಕಾಲು ಇನ್ನೂ ಊದಿಕೊಂಡೇ ಇತ್ತು. ಬದುವಿನ ಜಗಳ, ಬೈಕ್ ಕಳವು, ಕುಡಿದು ಬಿದ್ದವರು, ಇಷ್ಟಕ್ಕೇ ದಿನ ಸಾಲುತ್ತಿರಲಿಲ್ಲ. ಈಗ ದನಿ ಬೇರೆ.

“ಸರಿಯಾಗಿ ಹೇಳಿ ತಾಯಿ.”

“ಆಗಸ್ಟ್ ಇಪ್ಪತ್ತಾರಕ್ಕೆ ಮಗಳ ಮದ್ವೆ ಆಯ್ತು. ಸ್ಟುಡಿಯೋ ಸೈಫುಲ್ಲಾ ಅವ್ರೆ ವಿಡಿಯೋ ತಗುದ್ರು. ಅದಾಗಿ ಅದಿನೆಂಟು ದಿನಕ್ಕೆ ನಮ್ಮ ಯಜಮಾನ್ರು ಬ್ಯಾರನ್ ತಾವ್ಲೇ ಬಿದ್ದು ತೀರ್ಕಂಡ್ರು. ಫೋಟೋ ಬೇಕಾದಷ್ಟವೆ ಸ್ವಾಮಿ. ದನಿ ಇರಾದು ಆ ವಿಡಿಯೋದಾಗೆ ಮಾತ್ರ. ಕೇಳಕ್ಕೋದ್ರೆ ಡಿಸ್ಕ್ ಕೆಟ್ಟೋಗದೆ, ಏನೂ ಬರಾಕಿಲ್ಲ ಅಂತವ್ರೆ.”

ಅವರ ಗಂಡ ದೇವರಾಜು ಹೊಗೆಸೊಪ್ಪು ಬೆಳೆಯುತ್ತಿದ್ದವರು, ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದಮಾಡುವ ಎರಡು ಬ್ಯಾರನ್ ಇಟ್ಟುಕೊಂಡಿದ್ದವರು. ಶಿವನಂಜಪ್ಪ ಅರ್ಜಿ ಎಂದು ಬರೆದುಕೊಳ್ಳಲು ಹೇಳಿದರು. ಇದು ಕೇಸಲ್ಲ, ಸ್ಟುಡಿಯೋದವನನ್ನು ಕರೆಸಿ ಗದರಿಸಿದರೆ ಮುಗಿಯುತ್ತದೆ ಎಂದುಕೊಂಡಿದ್ದರು.

12.15ಕ್ಕೆ ಸೈಫುಲ್ಲಾ ಬಂದ. ಕಂಕುಳಲ್ಲಿ ಇಟ್ಟಿಗೆ ಗಾತ್ರದ ಕಪ್ಪು ಪೆಟ್ಟಿಗೆ. ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್ ಅದೇ.

“ಮೊದಲು ತೆಗೆದ ಟೇಪ್ ಎಲ್ಲಿ?”

“ಅದರ ಮೇಲೆ ಬೇರೆ ಮದ್ವೆ ತೆಗ್ದಾಯ್ತು ಸಾರ್. ಎಲ್ರೂ ಅಂಗೇ ಮಾಡೋದು. ಡಿಸ್ಕ್‌ಗೆ ಹಾಕ್ಕೊಂಡ ಮೇಲೆ ಟೇಪ್ ಯಾಕೆ?”

“ಇದು ಯಾವಾಗ ಕೆಟ್ಟಿತು?”

“ಆಯುಧಪೂಜೆ ಆದ ಮೇಲೆ. ಪಕ್ಕದಂಗಡಿ ವೀರಮ್ಮನೋರು ವರ್ಷಾ ವರ್ಷ ಬಂದು ನಮ್ಮ ಕ್ಯಾಮೆರಾ, ಲೈಟು, ಕಂಪ್ಯೂಟರು ಎಲ್ಲಕ್ಕೂ ಗಂಧ, ಕುಂಕುಮ ಇಡ್ತಾರೆ. ನಾನು ಸ್ವೀಟ್ ತರಿಸ್ತೀನಿ. ಈ ಸಲ ಇದಕ್ಕೂ ಇಟ್ರು. ಸೋಮವಾರ ಅಂಗಡಿ ತೆಗ್ದು ನೋಡ್ತೀನಿ, ಕಂಪ್ಯೂಟರ್ ಇದನ್ನ ತೋರಿಸ್ತಾನೇ ಇಲ್ಲ. ರಿಪೇರಿ ಕನಕರಾಜುಗೆ ಕೊಟ್ಟೆ. ಶನಿವಾರ ವಾಪಸ್ ತಂದು, ಡಿಸ್ಕ್ ಸತ್ತೋಗಿದೆ ಅಂದ.”

ಠಾಣೆಯಲ್ಲಿ ಕಂಪ್ಯೂಟರ್ ಮುಟ್ಟಲು ಧೈರ್ಯವಿದ್ದವಳು ಪೇದೆ ಪವಿತ್ರಾ ಒಬ್ಬಳೇ. ಅವಳು ಡಿಸ್ಕನ್ನು ಮುಂದಿನ ಯುಎಸ್‌ಬಿ ಕಿಂಡಿಗೆ ಹಾಕಿದಳು. ದೀಪ ಹತ್ತಿತು, ಒಳಗೆ ಏನೋ ಕಟಕಟ ಎಂದಿತು, ಪರದೆಯ ಮೇಲೆ ಏನೂ ಬರಲಿಲ್ಲ. ಹಿಂದಿನ ಕಿಂಡಿಗೆ ಹಾಕಿದಳು. ಕೇಬಲ್ ಬದಲಿಸಿದಳು. ಕರೆಂಟಿನ ಅಡಾಪ್ಟರ್ ಬದಲಿಸಿದಳು. ಎದುರಿನ ಬ್ರೌಸಿಂಗ್ ಸೆಂಟರಿಗೆ ಹೊತ್ತುಕೊಂಡು ಹೋಗಿ ಅಲ್ಲಿಯೂ ನೋಡಿ ಬಂದಳು. ಮಂಟಯ್ಯ ಅಷ್ಟರಲ್ಲಿ ಎರಡು ಟೀ ಕುಡಿದು, ಒಂದು ಏಟು ಹಾಕಿದರೆ ಸರಿಹೋಗಬಹುದು ಎಂದು ಸಲಹೆ ಕೊಟ್ಟ. ಅವನ ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಬಹಳಷ್ಟು ಹಾಗೇ ಸರಿಹೋಗಿತ್ತು.

“ಸಾರ್, ಇಲ್ಲಿ ನೋಡಿ,” ಎಂದಳು ಪವಿತ್ರಾ.

ಪೆಟ್ಟಿಗೆಯ ತಳದಲ್ಲಿ ನಾಲ್ಕು ಸ್ಕ್ರೂ. ಗಂಧದ ಜೊತೆ ಕುಂಕುಮ ಹರಿದು ಸುತ್ತಲೂ ಒಣಗಿ ಕೂತಿತ್ತು. ಸ್ಕ್ರೂಗಳ ತಲೆ ಮಾತ್ರ ತೊಳೆದಷ್ಟು ಸ್ವಚ್ಛವಾಗಿತ್ತು. ಪೂಜೆಯಾದ ಮೇಲೆ ಯಾರೋ ಅದನ್ನು ಬಿಚ್ಚಿದ್ದರು. ಸೈಫುಲ್ಲಾ ಬಿಚ್ಚಿಲ್ಲ ಎಂದ. ಕನಕರಾಜುವಿಗೆ ಫೋನ್ ಮಾಡಿ ಕೇಳಿದರೆ, “ನಾನು ಬಿಚ್ಚೇ ಇಲ್ಲ ಸಾರ್, ಬರೀ ಜೋಡಿಸಿ ನೋಡ್ದೆ,” ಎಂದ.

ಶಿವನಂಜಪ್ಪನವರಿಗೆ ಬೇಸರವಾಯಿತು. ಸುಳ್ಳು ಸಿಕ್ಕಿತೆಂದರೆ ಕೆಲಸ ಶುರುವಾಯಿತೆಂದೇ ಲೆಕ್ಕ. ಸಂಜೆ 5.30ಕ್ಕೆ ಸುನಂದಮ್ಮನವರ ಅರ್ಜಿಯ ಮೇಲೆ ಎಫ್‌ಐಆರ್ ದಾಖಲಾಯಿತು. ನಂಬಿಕೆ ದ್ರೋಹ, ಐಪಿಸಿ ಕಲಂ 406.

ಮಂಗಳವಾರ ಬೆಳಿಗ್ಗೆ 9.50ಕ್ಕೆ ಇಬ್ಬರು ಪಂಚರ ಎದುರು ಪೆಟ್ಟಿಗೆ ಬಿಚ್ಚಿಸಿ ಪಂಚನಾಮೆ ಬರೆದರು. ಸೈಫುಲ್ಲಾನ ಬಿಲ್ಲಿನಲ್ಲಿ 160 ಜಿಬಿ ಎಂದಿತ್ತು. ಒಳಗೆ ಕೂತಿದ್ದದ್ದು 40 ಜಿಬಿಯ ಹಳೆಯ ಡಿಸ್ಕ್. ಅದರ ಬೆನ್ನ ಮೇಲೆ ಮಾರ್ಕರ್ ಪೆನ್ನಿನಲ್ಲಿ “ಬೀಜದಂಗಡಿ, 6/07” ಎಂದು ಬರೆದಿತ್ತು. ಗಿರಾಕಿಯ ಹೆಸರನ್ನು ಡಿಸ್ಕಿನ ಮೇಲೆ ಬರೆದುಕೊಳ್ಳುವುದು ರಿಪೇರಿಯವರ ರೂಢಿ. ಪವಿತ್ರಾ ಬಜಾರ್ ರಸ್ತೆಯ ಬೀಜದಂಗಡಿಗಳನ್ನು ಸುತ್ತಿದಳು. ಮೂರನೆಯ ಅಂಗಡಿಯ ಶಿವಣ್ಣ, “ಊಂ ಕಣಮ್ಮ, ಜೂನಲ್ಲಿ ನಮ್ದು ಕೆಟ್ಟೋಗಿತ್ತು. ಕನಕರಾಜು ಒಸದು ಆಕ್ಕೊಟ್ಟ, ಅಳೇದು ಅವನತ್ರವೇ ಉಳೀತು,” ಎಂದ.

11.30ಕ್ಕೆ ಕನಕರಾಜುವನ್ನು ಠಾಣೆಗೆ ಕರೆತಂದರು. ಮೂವತ್ತೆರಡು ವರ್ಷದ, ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ. ಶಿವನಂಜಪ್ಪ 40 ಜಿಬಿಯ ಡಿಸ್ಕನ್ನು ಮೇಜಿನ ಮೇಲಿಟ್ಟರು.

“ಇದು ನಿನ್ನ ಅಕ್ಷರ ತಾನೆ?”

“ಹೌದು ಸಾರ್.”

“ಅವನ ಡಿಸ್ಕ್ ಎಲ್ಲಿ?”

“ಊರಲ್ಲಿ. ಹೊಸ ಅಗ್ರಹಾರದ ಮನೇಲಿ.”

“ಕೆಟ್ಟಿತ್ತಾ?”

“ಇಲ್ಲ ಸಾರ್. ಕೇಬಲ್ ಸಿಕ್ಕಿಸೋ ತೂತಿನಲ್ಲಿ ಗಂಧ, ಕುಂಕುಮ ಒಣಗಿ ಕೂತಿತ್ತು, ಅಷ್ಟೇ. ಬ್ರಷ್ ಹಾಕಿ ತೆಗ್ದೆ. ಐದು ನಿಮಿಷದ ಕೆಲ್ಸ. ಆಮೇಲೆ ಕಂಪ್ಯೂಟರ್ ತಕ್ಷಣ ಇಡೀತು.”

“ಮತ್ಯಾಕೆ ಇಟ್ಕೊಂಡೆ? ಮಾರೋಕಾ?”

ಕನಕರಾಜು ಇಲ್ಲವೆಂದು ತಲೆಯಾಡಿಸಿದ. ಅಷ್ಟರಲ್ಲಿ ಮಂಟಯ್ಯನ ಪೆನ್ನಿನ ರಿಫಿಲ್ ಮುಗಿದು, ಇನ್ನೊಂದು ತರಿಸಬೇಕಾಯಿತು.

“ಸರಿಯಾಗಿದೆಯಾ ಅಂತ ಯಾವುದಾದ್ರೂ ಒಂದು ಫೈಲ್ ತೆಗ್ದು ನೋಡ್ತೀವಿ ಸಾರ್. ದೇವರಾಜಪ್ಪೋರ ಮಗಳ ಮದ್ವೆ ಅಂತಿತ್ತು. ನಮ್ಮಪ್ಪ ಕುಳ್ಳಯ್ಯ ಹನ್ನೊಂದು ವರ್ಷ ಅವ್ರ ಬ್ಯಾರನ್‌ಗೆ ಬೆಂಕಿ ಹಾಕ್ತಿದ್ದ. ಆ ಮದ್ವೆಗೂ ಹೋಗಿದ್ದ. ಎಲ್ಲಾದ್ರೂ ಕಾಣ್ತಾನಾ ಅಂತ ಆಸೆಗೆ ತೆಗ್ದೆ.”

“ಕಂಡನಾ?”

“ಊಟದ ಸಾಲಲ್ಲಿ ಕೂತವ್ನೆ ಸಾರ್. ಒಸ ಪಂಚೆ ಉಟ್ಟವ್ನೆ. ಎಲೆ ಮೇಲೆ ಅನ್ನ ಬಿದ್ದೈತೆ. ಗಂಡಿನ ಕಡೆಯವ್ರು ಅದೇ ಸಾಲಲ್ಲಿ ನಾವು ಕೂರಲ್ಲ ಅಂದ್ರು. ದೇವರಾಜಪ್ಪೋರು ಬಂದು ಏಳು ಅಂದ್ರು. ಅಪ್ಪ ಎದ್ದ. ಆ ಎಲೇನ ಎರಡೂ ಕೈಲಿ ಹಿಡ್ಕೊಂಡು ಎದ್ದ ಸಾರ್. ಎಲ್ಲಿಡ್ಬೇಕು ಅಂತ ಗೊತ್ತಾಗ್ದೆ ನಿಂತವ್ನೆ. ಕ್ಯಾಮೆರಾದೋನು ಲೈಟು ಹಿಡ್ಕೊಂಡು ಅವನನ್ನೇ ತೆಗೀತಾವ್ನೆ.”

ಪವಿತ್ರಾ ಕಿಟಕಿಯ ಕಡೆ ತಿರುಗಿಕೊಂಡಳು.

“ಅವತ್ತು ಮನೆಗೆ ಬಂದು, ಊಟ ಬಲು ಚೆನ್ನಾಗಿತ್ತು ಅಂದ. ಏನೇನು ಬಡಿಸಿದ್ರು ಅಂತ ಅವ್ವಂಗೆ ಒಂದೊಂದೇ ಹೇಳ್ದ.”

“ಆ ಒಂದು ಭಾಗ ಅಳಿಸಿ ವಾಪಸ್ ಕೊಡಬಹುದಿತ್ತಲ್ಲಯ್ಯ.”

“ಕೂತೆ ಸಾರ್, ಎರಡು ಸಲ ಕೂತೆ. ನಮ್ಮಪ್ಪನ್ನ ಅಳಿಸೋಕೆ ಕೈ ಬರ್ಲಿಲ್ಲ. ಅಂಗೇ ಕೊಟ್ರೆ ಮುಂದಿನ ಭಾನುವಾರ ಊರಿನ ಕೇಬಲ್ ಟೀವೀಲಿ ಹಾಕ್ತಾರಂತೆ, ಸೈಫುಲ್ಲಾ ಅಣ್ಣನೇ ಅಂದ್ರು. ಊರಿಗೆ ಊರೇ ನೋಡುತ್ತೆ. ಅಪ್ಪನೂ ನೋಡ್ತಾನೆ.” ಮೇಜಿನ ಮೇಲಿನ ಡಿಸ್ಕನ್ನು ಮುಂದಕ್ಕೆ ಸರಿಸುತ್ತ ಹೇಳಿದ, “ನಾನು ತಪ್ಪು ಮಾಡಿದ್ದೀನಿ, ಏನ್ ಬೇಕಾದ್ರೂ ಬರ್ಕೊಳ್ಳಿ. ನಾನು ಅದನ್ನ ನೋಡಿದೆ ಅಂತ ಮಾತ್ರ ಅಪ್ಪಂಗೆ ಗೊತ್ತಾಗ್ಬಾರ್ದು ಸಾರ್.”

ಮಧ್ಯಾಹ್ನ 3.20ಕ್ಕೆ ಜೀಪು ಹೊಸ ಅಗ್ರಹಾರ ತಲುಪಿತು. ಅಟ್ಟದ ಮೇಲಿನ ಟ್ರಂಕಿನಲ್ಲಿ, ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಡಿಸ್ಕ್ ಸಿಕ್ಕಿತು. ಪಂಚರು ಸಹಿ ಹಾಕಿದರು. ಕುಳ್ಳಯ್ಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ. ಸಂಜೆ 6.05ಕ್ಕೆ ಠಾಣೆಯಲ್ಲಿ ಕನಕರಾಜುವಿನ ದಸ್ತಗಿರಿ ತೋರಿಸಲಾಯಿತು.

ಬುಧವಾರ ಬೆಳಿಗ್ಗೆ ಮಾಲು ಗುರುತಿಸಲು ಸುನಂದಮ್ಮ ಬಂದರು. ಪವಿತ್ರಾ ಡಿಸ್ಕ್ ಜೋಡಿಸಿದಳು. ಈ ಸಲ ಕಂಪ್ಯೂಟರ್ ಸತಾಯಿಸಲಿಲ್ಲ. ಧಾರೆ, ಆರತಿ, ನೆಂಟರು, ಎಲ್ಲೆಲ್ಲೂ ಓಲಗದ ಸದ್ದು. ದೇವರಾಜು ಹತ್ತಾರು ಕಡೆ ಕಂಡರು, ತುಟಿ ಅಲುಗುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಊಟದ ಮನೆಯಲ್ಲಿ ಓಲಗವಿರಲಿಲ್ಲ. ಅಲ್ಲಿ ಅವರ ದನಿ ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು.

“ಕುಳ್ಳಯ್ಯ, ಏಳಪ್ಪ ಒಂದ್ಗಳಿಗೆ. ಆಮೇಲ್ ಕೂರುವಂತೆ.”

ಸುನಂದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ದನಿ ಕೇಳಿದ್ದಕ್ಕೋ, ಮಾತು ಕೇಳಿದ್ದಕ್ಕೋ ಶಿವನಂಜಪ್ಪನವರಿಗೆ ತಿಳಿಯಲಿಲ್ಲ. ಬಹುಶಃ ಆಕೆಗೂ ತಿಳಿದಿರಲಿಕ್ಕಿಲ್ಲ.

“ಅವ್ರು ಬ್ಯಾರನ್ ತಾವ ಬಿದ್ದಾಗ ಎತ್ಕಂಡು ರಸ್ತೆಗಂಟ ಓಡ್ದೋನು ಕುಳ್ಳಯ್ಯನೇ ಸ್ವಾಮಿ,” ಎಂದರು ಕೊನೆಗೆ. “ಮದ್ವೆ ದಿನ ಆಮೇಲೆ ಅವನ್ನ ಊಟಕ್ಕೆ ಯಾರೂ ಕರೀನೇ ಇಲ್ಲ. ನಾನೂ ಕರೀಲಿಲ್ಲ.”

“ಬೇಡ ಅಂದ್ರೆ ಕೋರ್ಟ್ ಮುಗಿದ ಮೇಲೆ ಈ ಭಾಗ ತೆಗೆಸಿಕೊಡ್ತೀವಿ.”

“ತಗುದ್ರೆ ಅವ್ರ ದನೀನೂ ವೋಯ್ತದಲ್ಲ. ಇರ್ಲಿ ಬುಡಿ. ಕೇಬಲ್‌ಗೆ ಮಾತ್ರ ಬ್ಯಾಡ.”

ಹೊರಗೆ ಬೆಂಚಿನ ಮೇಲೆ ಕುಳ್ಳಯ್ಯ ಮಗನಿಗೆಂದು ತಂದ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಸುನಂದಮ್ಮನವರನ್ನು ಕಂಡೊಡನೆ ಹೆಗಲ ಟವೆಲ್ ಕೈಗೆ ತೆಗೆದುಕೊಂಡು ಎದ್ದ.

“ಏಳ್ಬ್ಯಾಡ ಕುಳ್ಳಯ್ಯ, ಕೂತ್ಕೊ,” ಎಂದರು ಆಕೆ.

ಅವನು ಕೂರಲಿಲ್ಲ. ಆಕೆ ಇನ್ನೊಮ್ಮೆ ಹೇಳಿದರು, ಆಗಲೂ ಕೂರಲಿಲ್ಲ. ಆಕೆ ಗೇಟು ದಾಟುವವರೆಗೂ ನಿಂತೇ ಇದ್ದ.

ಹತ್ತೂವರೆಗೆ ಆರೋಪಿಯನ್ನು ಕೋರ್ಟಿಗೆ ಕರೆದೊಯ್ಯಬೇಕಿತ್ತು. ಶಿವನಂಜಪ್ಪ ಕೋರ್ಟಿಗೆ ಕೊಡುವ ರಿಮಾಂಡ್ ಅರ್ಜಿಯಲ್ಲಿ ಕೃತ್ಯದ ಕಾರಣ ಬರೆಯುವ ಕಡೆ ಬಂದು ನಿಂತರು. ಮಗ ಹೇಳಿದ್ದನ್ನೆಲ್ಲ ಬರೆದರೆ ವಕೀಲರು ಅದನ್ನು ಕೋರ್ಟಿನಲ್ಲಿ ಗಟ್ಟಿಯಾಗಿ ಓದುತ್ತಾರೆ, ಅಪ್ಪ ಹಿಂದಿನ ಬೆಂಚಿನಲ್ಲೇ ಕೂತಿರುತ್ತಾನೆ. ಮೂವತ್ತೆರಡು ವರ್ಷದ ಕೆಲಸದಲ್ಲಿ ಅವರು ಕಾರಣವನ್ನು ಮುಚ್ಚಿದ್ದು ಕಡಿಮೆ. ಅಂದು “ವೈಯಕ್ತಿಕ ಕಾರಣ” ಎಂದಷ್ಟೇ ಬರೆದು ಸಹಿ ಹಾಕಿದರು.

ಕುಳ್ಳಯ್ಯ ಬಾಗಿಲ ಬಳಿ ಬಂದು ನಿಂತಿದ್ದ.

“ನನ್ ಮಗ ತಂದಿಟ್ಟಿದ್ನಲ್ಲ ಆ ಪೆಟ್ಗೆ, ಅದ್ರೊಳಗೆ ಏನೈತೆ ಬುದ್ದಿ?”

“ಮದುವೆ ವಿಡಿಯೋ.”

“ಯಾರ್ ಮದ್ವೆ?”

“ದೇವರಾಜಪ್ಪನವರ ಮಗಳದು.”

ಮುದುಕ ಕೈಯಲ್ಲಿದ್ದ ಬುತ್ತಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ. ಒಳಗೆ ಲಾಕಪ್ಪಿನ ಸರಳಿನ ಹಿಂದೆ ಕನಕರಾಜು ಎದ್ದು ನಿಂತು ಕೇಳಿಸಿಕೊಳ್ಳುತ್ತಿದ್ದ.

“ಆ ಮದ್ವೇಲಿ ಊಟ ಬಲು ಚೆನ್ನಾಗಿತ್ತು ಬುದ್ದಿ,” ಎಂದ ಕುಳ್ಳಯ್ಯ, ಒಳಗಿರುವ ಮಗನಿಗೂ ಕೇಳಿಸುವಷ್ಟು ಗಟ್ಟಿಯಾಗಿ.

“ಹೌದಂತೆ,” ಎಂದರು ಶಿವನಂಜಪ್ಪ.