ಕೆಮ್ಮಿದ ಕೋವಿ

ಬಲು ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ, ಬೆಳ್ಮುಗಿಲು ಎಂಬ ನಾಡೊಂದಿತ್ತು. ಅಲ್ಲಿ ಮನೆಗೊಂದು ಒಲೆ ಇದ್ದಂತೆ ಮನೆಗೊಂದು ಕೋವಿ ಇತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಮೇಲೆ ತೆಂಗಿನ ನಾರಿನ ಉಂಡೆ ತುರುಕಿ, ಗಜ ಎಂಬ ಉದ್ದನೆಯ ಕಬ್ಬಿಣದ ಕೋಲಿನಿಂದ ಜಡಿದು, ಕುದುರೆ ಎಂಬ ಕೊಕ್ಕೆಯನ್ನು ಬೆರಳಿನಿಂದ ಎಳೆದು ಹಾರಿಸುವ ಕೋವಿ. ಹಬ್ಬದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡಲೂ ಅದೇ, ಬೆಳೆಗೆ ನುಗ್ಗುವ ಹಂದಿಗೂ ಅದೇ.

ಕೋವಿ ಕೊಳ್ಳುವುದೆಂದರೆ ಆ ಜನಕ್ಕೆ ಹೆಣ್ಣು ನೋಡಲು ಹೋದಷ್ಟೇ ಸಡಗರ, ಅಷ್ಟೇ ತಕರಾರು. ಮೊದಲು ಹೆಗಲಿಗೇರಿಸಿ ಕೋವಿಯ ಹಿಡಿಯ ಮರಕ್ಕೆ ಕೆನ್ನೆ ಒತ್ತಿ ನೋಡಬೇಕು. ಆಮೇಲೆ ನಳಿಗೆಯೊಳಗೆ ಗಜ ಇಳಿಬಿಟ್ಟು ಕಿವಿಗೊಡಬೇಕು. ಠಣ್ ಎಂದರೆ ಕೋವಿ ಖಾಲಿ, ದಬ್ ಎಂದರೆ ಒಳಗೆ ಏನೋ ಇದೆ. ಕೊನೆಗೆ ತೆಂಗಿನಕಾಯಿಗೆ ಹೊಡೆದು ನೋಡಬೇಕು. ಈ ಮೂರೂ ಆಗದೆ ಯಾರೂ ಕೋವಿಯನ್ನು ಮನೆಗೆ ತರುತ್ತಿರಲಿಲ್ಲ. ಎಂಥ ಬುದ್ಧಿವಂತ ಜನ! ಆದರೂ ಮೋಸಹೋದರು ನೋಡಿ.

ಒಂದು ವರ್ಷ ಆ ನಾಡಿಗೆ ಕಬ್ಬಿಣದ ಚರ್ಮದ ಹಂದಿಯೊಂದು ಬಂತು. ಗದ್ದೆಗೆ ಗದ್ದೆಯನ್ನೇ ಅಗೆದು ಹಾಕಿತು. ಯಾರ ಗುಂಡೂ ಅದಕ್ಕೆ ನಾಟಲಿಲ್ಲ. ಹಂದಿಯ ಹಿಂದೆಯೇ ಕೆಂಡಗಣ್ಣ ಎಂಬ ವ್ಯಾಪಾರಿ ಬಂದು ಊರಾಚೆ ಕೋವಿಮನೆ ತೆರೆದ. ಅವನ ತಲೆಯ ಮೇಲೆ ಬುಟ್ಟಿಯಷ್ಟು ದೊಡ್ಡ ಕೂದಲಿನ ಗಂಟು.

"ನನ್ನ ಕೋವಿಗೆ ಮದ್ದು ತುಂಬೋ ಕೆಲಸ ಇಲ್ಲ, ಒರೆಸೋ ಕೆಲಸ ಇಲ್ಲ. ನಾನೇ ತುಂಬಿಟ್ಟಿದ್ದೀನಿ. ಗುರಿ ತಪ್ಪೋದೇ ಇಲ್ಲ," ಎಂದ. "ಗಜ ಮಾತ್ರ ಇಳಿಸಬೇಡಿ, ಮಂತ್ರ ಕೆಡುತ್ತೆ. ನಿಮ್ಮ ಹಳೇ ಕೋವಿ ಕೊಡಿ, ಹೊಸದು ತಗೊಂಡು ಹೋಗಿ."

ತುಂಬುವ ಕೆಲಸವಿಲ್ಲ ಎಂದದ್ದೇ ತಡ, ಬೇಟೆಗಾರರು ಸಾಲುಗಟ್ಟಿದರು. ಹಳೆಯ ಕೋವಿ ಕೊಟ್ಟು ಹೊಸದನ್ನು ಹೊತ್ತು ಹಂದಿಯ ಬೆನ್ನು ಹತ್ತಿದರು. ಹೋದವರು ಒಬ್ಬರೂ ಬರಲಿಲ್ಲ. ಹೆಣವಿಲ್ಲ, ರಕ್ತವಿಲ್ಲ, ಕಾಲಿನ ಚಪ್ಪಲಿಯೂ ಇಲ್ಲ. ದೊರೆ ಚಿತ್ರಕೇತು ಕಳುಹಿಸಿದ ದಳವಾಯಿಯೂ ಬರಲಿಲ್ಲ. ಹಂಪವ್ವನ ಗಂಡ ಸೂರಯ್ಯ ಬರಲಿಲ್ಲ, ಅವರ ಪಕ್ಕದ ಮನೆಯ ದೊಗ್ಗಯ್ಯನೂ ಬರಲಿಲ್ಲ.

ಹಂಪವ್ವ ತೆಂಗಿನಕಾಯಿಗೆ ಗುರಿಯಿಟ್ಟರೆ ತಪ್ಪದ ಕೈಯವಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಬೆಳಿಗ್ಗೆ ಅವಳು ಸೆರಗು ಬಿಗಿದು ಅತ್ತೆಯ ಮುಂದೆ ನಿಂತಳು.

"ಅತ್ತೆ, ನಾನೇ ಹೋಗಿ ಹಂದಿ ಹೊಡೀತೀನಿ. ಅವರು ಬದುಕಿದ್ರೆ ಕರ್ಕೊಂಡೇ ಬರ್ತೀನಿ."

ಅತ್ತೆ ಗಿರಿಯವ್ವ ಅಳುವ ಪೈಕಿಯಲ್ಲ. "ಏನಿಟ್ಕೊಂಡು ಹೊಡೀತೀಯೆ? ನನ್ನ ಮಗ ಮನೇ ಕೋವೀನ ಆ ಜುಟ್ಟಿನವನಿಗೆ ಕೊಟ್ಟು ಹೋಗಿದ್ದಾನೆ. ನಡಿ, ನಾನೂ ಬರ್ತೀನಿ. ನೀನೊಬ್ಬಳೇ ಹೋದ್ರೆ ಅವನು ಯಾವುದೋ ಬೆಂಡು ಕೋವಿ ನಿನ್ನ ತಲೆಗೆ ಕಟ್ತಾನೆ," ಎಂದಳು.

ಕೋವಿಮನೆಯ ಗೋಡೆಯ ತುಂಬ ಕೋವಿಗಳು ನೇತಾಡುತ್ತಿದ್ದವು. ಕೆಂಡಗಣ್ಣ ಬಾಯಿ ತುಂಬ ನಗುತ್ತಾ ಬಂದು, ಬೆಳ್ಳಿಯ ಬಳ್ಳಿ ಕೆತ್ತಿದ ಹಗುರವಾದ ಕೋವಿಯೊಂದನ್ನು ಮುಂದೆ ಹಿಡಿದ.

"ಇದು ತಮಗೆ ಅಂತಲೇ ಮಾಡಿದ್ದು ತಾಯಿ. ತುಂಬಿಟ್ಟಿದ್ದೀನಿ. ಕುದುರೆ ಮೇಲೆ ಬೆರಳಿಟ್ಟು ಎಳೆದ್ರೆ ಆಯ್ತು, ಹಂದಿ ಸತ್ತ ಹಾಗೆ."

ಹಂಪವ್ವ ಹೆಗಲಿಗೇರಿಸಿದಳು. ಅಳತೆ ತೆಗೆದು ಮಾಡಿದ ಹಾಗೆ ಕೂತಿತು. ಅಷ್ಟರಲ್ಲಿ ಅತ್ತೆ ಗೋಡೆಗೆ ಒರಗಿಸಿದ್ದ ಗಜ ಎತ್ತಿಕೊಂಡಾಗಿತ್ತು.

"ಅಯ್ಯೋ, ಬೇಡ ಅಜ್ಜಿ! ಮಂತ್ರ ಕೆಡುತ್ತೆ!"

"ಕೆಟ್ರೆ ಕೆಡ್ಲಿ ಬಿಡಪ್ಪ. ತಟ್ಟಿ ನೋಡದೆ ನಾನು ಮಡಕೇನೂ ತಗೊಂಡವಳಲ್ಲ," ಎಂದು ಗಿರಿಯವ್ವ ಗಜವನ್ನು ನಳಿಗೆಯೊಳಗೆ ಬಿಟ್ಟೇಬಿಟ್ಟಳು.

ಠಣ್!

"ತುಂಬಿದ್ದೀನಿ ಅಂದ್ಯಲ್ಲೋ! ಇದು ಖಾಲಿ ಕೋವಿ!"

ಕೆಂಡಗಣ್ಣನ ನಗು ಸಪ್ಪಗಾಯಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎರಡನೆಯ ಕೋವಿಯನ್ನು ಗೋಡೆಯಿಂದ ಇಳಿಸಿ ಗಜ ಬಿಟ್ಟಳು. ದಬ್ ಎಂದಿತು. ಅಷ್ಟೇ ಅಲ್ಲ, ಕೇಳಿ, ಆ ಕೋವಿ ಕೆಮ್ಮಿತು! ಕಬ್ಬಿಣದ ನಳಿಗೆಯೊಳಗಿಂದ ಮನುಷ್ಯರ ಕೆಮ್ಮು. ಕೆಮ್ಮಿದ್ದೂ ಅಲ್ಲದೆ, "ನೀರು... ನಾನು ದಳವಾಯಿ... ನೀರು," ಎಂದಿತು.

ಅತ್ತೆಯ ಕೈಯಿಂದ ಕೋವಿ ಜಾರಿತು. ಹಂಪವ್ವ ಹುಚ್ಚು ಹಿಡಿದವಳಂತೆ ಗೋಡೆಯುದ್ದಕ್ಕೂ ಓಡಿ ಒಂದೊಂದೇ ಕೋವಿಗೆ ಕೆನ್ನೆ ಒತ್ತಿ ನೋಡಿದಳು. ಎಲ್ಲವೂ ಬೆಚ್ಚಗಿದ್ದವು. ಒಂದರ ಮರ ಮಾತ್ರ ಅವಳ ಕೆನ್ನೆಗೆ ಎಷ್ಟೋ ಸಲ ತಾಗಿದ್ದ ಕೆನ್ನೆಯಂತೆಯೇ ಇತ್ತು, ಎಡಗಡೆ ಅದೇ ಹಳೆಯ ಗಾಯದ ಗೀರು ಕೂಡ ಇತ್ತು. ಅವಳು ಅದರೊಳಗೆ ಗಜ ಇಳಿಸಿದಳು.

"ಹಂಪೀ, ಮೆಲ್ಲಗೆ ಕಣೆ! ಗಂಟಲಿಗೆ ಚುಚ್ಚುತ್ತೆ!" ಎಂದ ಸೂರಯ್ಯ.

ಹೇಳಿ, ಯಾವ ಹೆಂಡತಿ ಇದನ್ನು ಕೇಳಿ ನಿಂತಲ್ಲೇ ನಿಲ್ಲುತ್ತಾಳೆ? ಹಂಪವ್ವ ಕೋವಿಯನ್ನು ಬಾಚಿಕೊಂಡು ಹೊರಟಳು. ಅವಳ ಮುಂದೆಯೇ ಬಾಗಿಲು ಧಡಾರೆಂದು ಮುಚ್ಚಿಕೊಂಡಿತು.

"ಎಲ್ಲರೂ ಖಾಲಿ ಕೋವೀನೇ ಒಯ್ದರು," ಎಂದ ಕೆಂಡಗಣ್ಣ. ಅವನ ದನಿಯಲ್ಲಿ ಈಗ ವ್ಯಾಪಾರಿಯ ಬೆಣ್ಣೆ ಇರಲಿಲ್ಲ. "ಕುದುರೆ ಎಳೆದವರನ್ನ ಅದು ಒಳಕ್ಕೆ ಎಳ್ಕೊಳ್ತು, ನಾನು ಹೆಕ್ಕಿ ತಂದು ಗೋಡೆಗೆ ತೂಗುಹಾಕ್ದೆ. ಈಗ ಇವರೇ ಅದರ ಮದ್ದು, ಇವರ ಪ್ರಾಣವೇ ಗುಂಡು. ಇನ್ನೊಂದು ಕೋವಿ ತುಂಬಿದರೆ ನನ್ನ ಲೆಕ್ಕ ಮುಗೀತು. ಇವರನ್ನೇ ದೊರೆಯ ಕೋಟೆಯ ಮೇಲೆ ಹಾರಿಸ್ತೀನಿ. ಸಿಂಹಾಸನ ನಂದು!"

"ಮತ್ತೆ ಆ ಹಂದಿ?" ಎಂದಳು ಹಂಪವ್ವ.

"ಹಂದಿಯಾ? ನೋಡು."

ನೋಡಿದರೆ ಅವನ ಪಾದವೇ ಗೊರಸಾಗುತ್ತಿತ್ತು! ಗದ್ದೆ ಅಗೆದವನೂ ಅವನೇ, ಕೋವಿ ಮಾರಿದವನೂ ಅವನೇ. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

"ನಾನು ಪೂರ್ತಿ ಹಂದಿಯಾಗೋವರೆಗೆ ನಿನಗೆ ಸಮಯ," ಎಂದ ಮಾಯಗಾರ. ಕಬ್ಬಿಣದ ಚರ್ಮ ಅವನ ಮೊಣಕಾಲಿಗೆ ಏರಿತ್ತು. "ಈ ಗೋಡೇಲಿರೋ ಯಾವ ಕೋವಿಯಿಂದ ಹೊಡೆದ್ರೂ ನಾನು ಸಾಯ್ತೀನಿ. ಜೊತೆಗೆ ಅದರೊಳಗಿರೋನೂ ಸಾಯ್ತಾನೆ. ನಿನಗೆ ಆ ಎದೆ ಇಲ್ಲ ಅಂತ ನನಗೆ ಗೊತ್ತು. ಹೊಡೀದಿದ್ರೆ ನಿಮ್ಮಿಬ್ಬರನ್ನೂ ಸೀಳಿ ಹಾಕ್ತೀನಿ. ಕೋವಿ ಆರಿಸೋಕೆ ತಾನೆ ಬಂದಿದ್ದು? ಆರಿಸು!"

ಹಂಪವ್ವ ಗಂಡನ ಕೋವಿಯನ್ನು ಎದೆಗವಚಿಕೊಂಡಳು. ಆಗ ಅದರೊಳಗಿಂದ ಪಿಸುಮಾತು ಬಂತು.

"ಹಂಪೀ, ನನ್ನನ್ನ ಬೇಡ ಕಣೆ. ಪಕ್ಕದ್ದನ್ನ ತಗೋ. ಅದು ದೊಗ್ಗಯ್ಯ."

ಗಿರಿಯವ್ವ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಮಾಯಗಾರನಿಗೆ ಹೆದರದ ಮುದುಕಿ ಹೆತ್ತ ಮಗನ ಮಾತಿಗೆ ಬೆಚ್ಚಿಬಿದ್ದಳು. "ಥೂ, ನೀನು ನನ್ನ ಮಗನೇನೋ! ದಿನಾ ಅವನ ಮನೆ ಮಜ್ಜಿಗೆ ಕುಡಿದು ಬೆಳೆದವನಲ್ವೇನೋ!"

ಅದಕ್ಕಿಂತ ದೊಡ್ಡ ಆಘಾತ ಹಂಪವ್ವನಿಗೆ ಕಾದಿತ್ತು. ಕೆಳಗೆ ನೋಡಿದರೆ ಅವಳ ಕೈಯಲ್ಲಿ ಆಗಲೇ ದೊಗ್ಗಯ್ಯನ ಕೋವಿ ಇತ್ತು! ಯಾವಾಗ ಗಂಡನನ್ನು ಕೆಳಗಿಟ್ಟಳೋ, ಯಾವಾಗ ಇದನ್ನು ಎತ್ತಿಕೊಂಡಳೋ ಅವಳಿಗೇ ತಿಳಿಯಲಿಲ್ಲ. ಗಜ ತಾಗದ ಆ ಕೋವಿಗೆ ಮಾತಿರಲಿಲ್ಲ. ಅದು ಅವಳ ಅಂಗೈಯಲ್ಲಿ ಗಡಗಡ ನಡುಗುತ್ತಿತ್ತು. ಪಾಪ, ಮಕ್ಕಳನ್ನು ನೆನೆದು ನಡುಗುತ್ತಿದ್ದಾನೆ ಎಂದುಕೊಂಡಳು. ಅವಳ ಬೆರಳು ಕುದುರೆಯಿಂದ ತಾನಾಗಿ ಜಾರಿತು.

"ಆಗಲ್ಲ ಅತ್ತೆ. ಯಾರನ್ನೂ ಹೊಡೆಯೋಕಾಗಲ್ಲ."

ಕಬ್ಬಿಣ ಮಾಯಗಾರನ ಹೊಟ್ಟೆಗೆ ಏರಿತ್ತು. ಗಿರಿಯವ್ವ ಸೊಸೆಯ ಭುಜ ಹಿಡಿದು ಅಲ್ಲಾಡಿಸಿದಳು.

"ಹೊಡೀಬೇಡ ಕಣೆ! ಬೇಟೆ ಸಿಗದೆ ತುಂಬಿದ ಕೋವಿ ಮನೆಗೆ ಬಂದ್ರೆ ನಿಮ್ಮ ಮಾವ ಏನು ಮಾಡ್ತಿದ್ರು? ಒಳಗಿರೋದನ್ನ ವಾಪಸ್ ತೆಗೀತಿರ್ಲಿಲ್ವಾ? ಗಜದ ಇನ್ನೊಂದು ತುದಿಗೆ ತಿರುಪು ಇದೆ ನೋಡು!"

ಹೌದಲ್ಲ! ಹಂಪವ್ವ ಗಜ ತಿರುಗಿಸಿ, ತಿರುಪಿನ ತುದಿಯನ್ನು ದೊಗ್ಗಯ್ಯನ ನಳಿಗೆಯೊಳಗೆ ಇಳಿಸಿ, ತಿರುವಿ ತಿರುವಿ ಎಳೆದಳು. ನಾರಿನ ಉಂಡೆ ಬರಲಿಲ್ಲ. ಬಂದದ್ದು ಕಪ್ಪು ಕೂದಲಿನ ಉಂಡೆ! ಅದು ಹೊರಬಿದ್ದದ್ದೇ ತಡ, ಕೋವಿ ಮಾಯವಾಗಿ ದೊಗ್ಗಯ್ಯ ನೆಲದ ಮೇಲೆ ಧೊಪ್ಪನೆ ಕೂತಿದ್ದ. ಅತ್ತ ಮಾಯಗಾರನ ತಲೆಯಿಂದ ಒಂದು ಹಿಡಿ ಕೂದಲು ಉದುರಿತು. ಅವನು ಗಂಟಲು ಹರಿಯುವಂತೆ ಕಿರುಚಿದ.

"ಅವನ ಕೂದಲಲ್ಲೇ ಅವನ ಮಾಯೆ ಇದೆ! ಎಳೀರಿ, ಎಲ್ಲರೂ ಎಳೀರಿ!" ಎಂದು ಗಿರಿಯವ್ವ ಕೂಗಿದಳು.

ದೊಗ್ಗಯ್ಯ ಒಂದು ಗಜ ಹಿಡಿದ. ಅವನು ದಳವಾಯಿಯನ್ನು ಎಳೆದ, ದಳವಾಯಿ ಮತ್ತೊಬ್ಬನನ್ನು, ಆ ಮತ್ತೊಬ್ಬ ಇನ್ನೊಬ್ಬನನ್ನು. ಮನೆಯ ತುಂಬ ಕೆಮ್ಮುವ ಗಂಡಸರು! ಮಾಯಗಾರ ಓಡಿ ತಡೆಯೋಣವೆಂದರೆ ಅರ್ಧ ಮೈ ಹಂದಿ, ಅರ್ಧ ಮನುಷ್ಯ; ಹೆಜ್ಜೆ ಕೀಳಲಾಗದೆ ನಿಂತಲ್ಲೇ ಗುರುಗುಟ್ಟಿದ. ಕೊನೆಗೆ ಅವನ ತಲೆಯೂ ಹಂದಿಯಾಯಿತು. ನೆತ್ತಿಯ ಮೇಲೆ ಒಂದೇ ಒಂದು ಕುಚ್ಚು ಉಳಿದಿತ್ತು. ಗೋಡೆಯಲ್ಲೂ ಒಂದೇ ಒಂದು ತುಂಬಿದ ಕೋವಿ ಉಳಿದಿತ್ತು.

ಅದು ಸೂರಯ್ಯ.

ಹಂಪವ್ವ ತಿರುಪು ಇಳಿಸಿ ತಿರುವಿದ್ದಳಷ್ಟೆ, ಎಳೆಯಲು ಸಮಯ ಸಿಗಲಿಲ್ಲ. ಹಂದಿ ಅವಳ ಮೇಲೆಯೇ ನುಗ್ಗಿ ಬಂತು. ಅವಳು ಕೋವಿಯನ್ನು ಹೆಗಲಿಗೇರಿಸಿದಳು. ಗಜ ಇನ್ನೂ ನಳಿಗೆಯ ಬಾಯಿಂದ ಮೊಳದುದ್ದ ಹೊರಚಾಚಿತ್ತು.

"ಹೊಡಿ ಹಂಪೀ!" ಎಂದು ಸೂರಯ್ಯ ಒಳಗಿಂದ ಕೂಗಿದ. "ನಾನು ಹೋದ್ರೆ ಹೋಗ್ಲಿ. ನೀನು ಬದುಕು, ಹೊಡಿ!"

ಅವಳ ಬೆರಳು ಕುದುರೆಯ ಮೇಲಿತ್ತು. ಎದುರಿಗೆ ಕೋರೆಹಲ್ಲು, ಕೆನ್ನೆಗೆ ಗಂಡನ ಕೆನ್ನೆ. ಅವಳು ಕುದುರೆಯಿಂದ ಬೆರಳು ತೆಗೆದು, ಕೋವಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಅಪ್ಪಿ, ಕಣ್ಣು ಮುಚ್ಚಿಕೊಂಡಳು.

ಹಂದಿ ಮುಂದೆ ಚಾಚಿದ್ದ ಗಜವನ್ನೇ ಕಚ್ಚಿತು. ಕಚ್ಚಿದ ಹಂದಿಯ ಚಾಳಿ ನಿಮಗೆ ಗೊತ್ತಲ್ಲ, ತಲೆ ಕೊಡವಿ ಎಳೆಯಿತು. ಗಜದ ಜೊತೆ ಕೊನೆಯ ಉಂಡೆಯೂ ಸರ್ರನೆ ಹೊರಬಂತು! ತನ್ನ ಹಲ್ಲಿನಿಂದಲೇ ತನ್ನ ಮಾಯೆಯನ್ನು ಕಿತ್ತುಕೊಂಡಿತು! ನೆತ್ತಿಯ ಕುಚ್ಚು ಉದುರಿತು. ಕಬ್ಬಿಣದ ಚರ್ಮ ತುಕ್ಕು ಹಿಡಿದು ಪುಡಿಪುಡಿಯಾಗಿ ಬಿತ್ತು. ಒಳಗೆ ಹಂದಿಯೂ ಇರಲಿಲ್ಲ, ಮಾಯಗಾರನೂ ಇರಲಿಲ್ಲ. ಹಂಪವ್ವ ಕಣ್ಣು ಬಿಟ್ಟರೆ ತೋಳಿನಲ್ಲಿ ಕೋವಿಯ ಬದಲು ಸೂರಯ್ಯನಿದ್ದ.

ದೊರೆ ನಾಡಿಗೆಲ್ಲ ಊಟ ಹಾಕಿಸಿದ. ಹಳೆಯ ಕೋವಿಗಳು ಅವರವರ ಮನೆ ಸೇರಿದವು. ಎಲ್ಲರೂ ನಕ್ಕರು, ಕುಣಿದರು. ಸೂರಯ್ಯ ಮಾತ್ರ ಅನ್ನ ಮುಟ್ಟಲಿಲ್ಲ.

"ನಾನು ಅಂದ ಮಾತು ದೊಗ್ಗಯ್ಯನಿಗೆ ಕೇಳಿಸಿರುತ್ತೆ. ಅವನ ಮುಖ ಹೇಗೆ ನೋಡ್ಲಿ?" ಎಂದ.

"ನೀವು ಬರೀ ಅಂದ್ರಿ," ಎಂದಳು ಹಂಪವ್ವ. ಅವಳಿಗೂ ಕಣ್ಣೀರು ಬಂದಿತ್ತು. "ನಾನು ಎತ್ತಿಕೊಂಡೇಬಿಟ್ಟಿದ್ದೆ. ನಡೀರಿ, ಹೋಗಿ ತಪ್ಪಾಯ್ತು ಅನ್ನೋಣ."

ಇಬ್ಬರೂ ಹೋಗಿ ದೊಗ್ಗಯ್ಯನ ಜಗುಲಿಯ ಮುಂದೆ ತಲೆ ತಗ್ಗಿಸಿ ನಿಂತರು. ಸೂರಯ್ಯ ಬಾಯಿ ಬಿಡುವ ಮೊದಲೇ ದೊಗ್ಗಯ್ಯ ಇಳಿದು ಬಂದು ಅವನ ಎರಡೂ ಕೈ ಹಿಡಿದುಕೊಂಡ.

"ನೀವೇನೂ ಹೇಳಬೇಡಿ. ನಾನು ಗಡಗಡ ನಡುಗ್ತಿದ್ನಲ್ಲ ತಂಗಿ, ಹೆದರಿಕೆಯಿಂದ ಅಂದ್ಕೊಂಡ್ಯಾ? ‘ಸೂರಯ್ಯನನ್ನ ತಗೋ, ಸೂರಯ್ಯನನ್ನ ತಗೋ’ ಅಂತ ಕೂಗ್ತಾ ಇದ್ದೆ. ಗಂಟಲಲ್ಲಿ ಕೂದಲಿತ್ತು, ಕೇಳಿಸಲಿಲ್ಲ."

ಒಳಗಿಂದ ದೊಗ್ಗಯ್ಯನ ಹೆಂಡತಿ ಮಜ್ಜಿಗೆ ತಂದಳು. ಸೂರಯ್ಯ ಮೊದಲ ಲೋಟ ದೊಗ್ಗಯ್ಯನಿಗೆ ಕೊಟ್ಟ, ದೊಗ್ಗಯ್ಯ ಅದನ್ನು ಹಂಪವ್ವನಿಗೆ ಕೊಟ್ಟ, ಹಂಪವ್ವ ಕುಡಿದಳು. ಆಮೇಲೆ ಆ ಎರಡು ಮನೆಯವರು ಬಹುಕಾಲ ಅಕ್ಕಪಕ್ಕದಲ್ಲೇ ಸುಖವಾಗಿ ಬಾಳಿದರು.